ಗುಂಡಿ ವಾಪಸ್ ಕೊಡಿ ಸ್ವಾಮಿ!

ರಸ್ತೆಯ ಗುಂಡಿ ಅಲ್ಲ, ಅದು ಮಾಗಡಿ ಕಡೆ ಕೇಳದೇ ಸಿಗುತ್ತೆ :-) ನಾನು ಹೇಳ್ತಿರೋದು ಕಾರಿನ ಡ್ಯಾಶ್‌ಬೋರ್ಡಿನ ಗುಂಡಿ.

ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಕ್ವಾಲಿಸ್‌ನಲ್ಲಿ ಟಚ್‌ಸ್ಕ್ರೀನ್ ಇರಲಿಲ್ಲ. ಕೈಗೇ ದಾರಿ ಗೊತ್ತಿತ್ತು. ಈಗ ಎಷ್ಟೋ ಹೊಸ ಕಾರುಗಳಲ್ಲಿ ಎಸಿ ಕಡಿಮೆ ಮಾಡೋಕೂ ಸ್ಕ್ರೀನ್ ನೋಡಬೇಕು. ಮೈಸೂರು ಹೆದ್ದಾರಿಯಲ್ಲಿ ನೂರರ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಮೂರು ಸೆಕೆಂಡು ಕಣ್ಣು ಆಚೆ ಹೋದರೆ 80 ಮೀಟರ್ ಕುರುಡು ಓಟ!

ಇದು "ಮಾಡರ್ನ್" ಅಂತೆ. ಸುಳ್ಳು! ಹತ್ತಾರು ಗುಂಡಿ ಕೂರಿಸೋದಕ್ಕಿಂತ ಒಂದು ಸ್ಕ್ರೀನ್ ಅಗ್ಗ, ಅಷ್ಟೇ. ಸ್ವೀಡನ್ನಿನ ಪತ್ರಿಕೆಯೊಂದು 2022ರಲ್ಲಿ ಪರೀಕ್ಷೆ ಮಾಡಿದಾಗ, 2005ರ ವೋಲ್ವೋದಲ್ಲಿ 10 ಸೆಕೆಂಡಲ್ಲಿ ಮುಗಿದ ಕೆಲಸಕ್ಕೆ ಒಂದು ಹೊಸ ಕಾರು ಹತ್ತಿರ ಹತ್ತಿರ 45 ಸೆಕೆಂಡು ತಿಂತು.

ಸ್ಕ್ರೀನೇ ಬೇಡ ಅನ್ನಲ್ಲ. ಮ್ಯಾಪಿಗೆ, ಹಿಂದಿನ ಕ್ಯಾಮೆರಾಕ್ಕೆ ಇರಲಿ. ಸೌಂಡು, ಎಸಿ, ವೈಪರ್ ಮಾತ್ರ ಕೈಗೆ ಸಿಗಬೇಕು, ಒಂದೊಂದೂ ಒಂದೊಂದು ಆಕಾರದಲ್ಲಿ. ಹೇಗೆ ಅಂತೀರಾ? ಬಿಡದಿಯಿಂದ ಚನ್ನಪಟ್ಟಣ ಎಷ್ಟು ದೂರ? ಆಲೆ ಮರ ಕಡೆದು ಅರಗು ಹಾಕಿದ ಬುಗುರಿ ಯಾವುದು, ಗಿಲಕಿ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿದರೂ ಮಗುವಿಗೆ ಗೊತ್ತಾಗುತ್ತೆ. ಡಿಸೈನ್ ಮಾಡೋರು ಒಂದು ದಿನ ಅಲ್ಲಿ ಹೋಗಿ ಕೂರಲಿ.