ಯಾರನ್ನು ಆರಿಸಿದ್ರಿ ಅಂತ ಕೇಳೋ ಮೊದಲು, ಎಷ್ಟು ಕೊಟ್ರಿ ಅಂತ ಕೇಳಿ

1/3

ಮೊನ್ನೆ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ. ಲವ್ ಸ್ಟೋರಿ ಗೇಮ್‌ಗಳಲ್ಲಿ ನೀವು ಆರಿಸೋದು ಯಾರನ್ನ, ಮೆತ್ತಗಿನ ಬಾಲ್ಯದ ಗೆಳೆಯನನ್ನೋ, ಸಿಡುಕು ಮೂತಿಯವನನ್ನೋ? ಓಟಿಗಿಂತ ಜಗಳವೇ ಜಾಸ್ತಿ ಬಂತು. ಜಗಳ ಆಡಿ, ಬೇಡ ಅನ್ನಲ್ಲ. ಆದ್ರೆ ಆರಿಸಿದ್ದು ನೀವಾ, ನಿಮ್ಮ ಡೈಮಂಡ್ ಬ್ಯಾಲೆನ್ಸಾ? ಇದನ್ನ ಒಬ್ಬರೂ ಕೇಳ್ಲಿಲ್ಲ.

ಈ ಗೇಮ್ ಆಡದವರಿಗೆ ಚಿಕ್ಕದಾಗಿ ಹೇಳ್ತೀನಿ. ‘ಚಾಯ್ಸಸ್’ ಅಂತ ಒಂದು ಮೊಬೈಲ್ ಗೇಮ್ ಇದೆ, ಪಿಕ್ಸೆಲ್‌ಬೆರಿಯವರು 2016ರಲ್ಲಿ ಬಿಟ್ಟಿದ್ದು. ಅದರಲ್ಲಿ ‘ದಿ ಫ್ರೆಶ್‌ಮನ್’ ಅನ್ನೋ ಕತೆಯಲ್ಲಿ ನೀವು ಅಮೆರಿಕದ ಒಂದು ಕಾಲೇಜಿಗೆ ಹೊಸದಾಗಿ ಸೇರ್ತೀರಿ. ಅಲ್ಲಿ ಫುಟ್‌ಬಾಲ್ ಆಡೋ ಕ್ರಿಸ್, ಬರೆಯೋ ಹುಚ್ಚಿನ ಜೇಮ್ಸ್, ಗೇಮ್ ಹುಚ್ಚಿನ ಕೇಟ್ಲಿನ್ ಸಿಗ್ತಾರೆ. ಯಾರು ಇಷ್ಟವೋ ಅವರ ಕಡೆ ಹೋಗಬಹುದು. ಆ್ಯಪ್ ಫ್ರೀ. ಅಧ್ಯಾಯ ತೆಗೆಯೋಕೆ ಕೀ ಬೇಕು, ಕೀ ಖಾಲಿಯಾದ್ರೆ ಗಂಟೆಗಟ್ಟಲೆ ಕಾಯಬೇಕು, ಅದೂ ಪರವಾಗಿಲ್ಲ. ವಿಷಯ ಇರೋದು ಕತೆ ಒಳ್ಳೇ ಘಟ್ಟಕ್ಕೆ ಬಂದಾಗ. ಅವನೋ ಅವಳೋ ನಿಮ್ಮ ಮುಖ ನೋಡಿ ‘ಬರ್ತೀಯಾ?’ ಅಂತ ಕೇಳ್ತಾರೆ. ಎರಡು ಬಟನ್ ಬರುತ್ತೆ. ಹೋಗ್ತೀನಿ ಅನ್ನೋದರ ಪಕ್ಕ ಡೈಮಂಡ್ ಚಿತ್ರ, ಒಂದು ನಂಬರ್. ಇವತ್ತು ಬೇಡ ಅನ್ನೋದು ಫ್ರೀ.

ಒಂದು ಅಧ್ಯಾಯ ಮುಗಿಸಿದ್ರೆ ಸಿಗೋದು ಒಂದೋ ಎರಡೋ ಡೈಮಂಡ್. ಒಂದು ಸೀನ್‌ಗೆ 20 ಕೇಳಿದ್ರೆ ಲೆಕ್ಕ ನೀವೇ ಹಾಕಿ, ಬಿಕಾಂ ಬೇಕಾಗಿಲ್ಲ. ಅಂದ್ರೆ ನಿಮ್ಮ ‘ಬೇಡ’ ಅನ್ನೋದಕ್ಕೆ ಅಲ್ಲಿ ಅರ್ಥವೇ ಇಲ್ಲ. ಇಷ್ಟ ಇಲ್ಲದೆ ಬೇಡ ಅಂದ್ರಾ, ದುಡ್ಡಿಲ್ಲದೆ ಬೇಡ ಅಂದ್ರಾ? ಕತೆಗೆ ಎರಡೂ ಒಂದೇ.

2/3

ಈಗ ಕಮೆಂಟ್‌ನಲ್ಲಿ ಒಬ್ಬರು ಬಂದೇ ಬರ್ತಾರೆ: ‘ಬಲವಂತ ಮಾಡಿದ್ರಾ? ಗೇಮ್ ಮಾಡಿದವರಿಗೂ ಹೊಟ್ಟೆ ಇಲ್ವಾ?’ ಇದೆ ಸ್ವಾಮಿ. ಕತೆ ಬರೆದವರಿಗೆ, ಚಿತ್ರ ಬಿಡಿಸಿದವರಿಗೆ ಸಂಬಳ ಸಿಗಲೇಬೇಕು. ಪುಸ್ತಕಕ್ಕೆ ಬೆಲೆ ಇಡೋ ಹಾಗೆ ಇಡೀ ಕತೆಗೆ ಒಂದೇ ಸಲ ಬೆಲೆ ಇಡಿ, ಕೊಡ್ತೀವಿ. ‘ಸ್ಟಾರ್‌ಡ್ಯೂ ವ್ಯಾಲಿ’ ಹಾಗೇ ಮಾರಾಟ ಆಯ್ತಲ್ಲ? ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಮಾಡಿ 2016ರಲ್ಲಿ ಬಿಟ್ಟ ಗೇಮ್ ಅದು. ಒಂದು ಸಲ ಕೊಂಡ್ರೆ ಮುಗೀತು. ಮದುವೆ ಆಗಬಹುದಾದವರು 12 ಜನ. ಹೂಗುಚ್ಛಕ್ಕೆ 200, ಮದುವೆ ಕೇಳೋ ಪದಕಕ್ಕೆ 5000, ಆದ್ರೆ ಅದು ಆಟದೊಳಗೆ ನೀವೇ ಬೆಳೆ ಬೆಳೆದು ದುಡಿದ ದುಡ್ಡು. ಹಾರ್ವಿ ಡಾಕ್ಟರಿಗೆ ಕಾಫಿ ಅಂದ್ರೆ ಪ್ರಾಣ, ಅಬಿಗೇಲ್‌ಗೆ ನೇರಳೆ ಅಮೆಥಿಸ್ಟ್ ಕಲ್ಲು. ಯಾರಿಗೆ ಏನಿಷ್ಟ ಅಂತ ತಿಳ್ಕೋಬೇಕು, ವಾರಕ್ಕೆ ಎರಡೇ ಉಡುಗೊರೆ.

ಅದೂ ಪೂರ್ತಿ ಸಾಚಾ ಏನಲ್ಲ. ಹುಡುಗರೆಲ್ಲರಿಗೂ ಹೂ ಕೊಟ್ಟು ಎಲ್ಲರ ಜೊತೆ ಹತ್ತತ್ತು ಹಾರ್ಟ್ ತುಂಬಿಸ್ಕೊಂಡ್ರೆ, ಒಂದಿನ ಅವರೆಲ್ಲ ಒಟ್ಟಿಗೆ ನಿಮ್ಮನ್ನ ನಿಲ್ಲಿಸಿ ಕೇಳ್ತಾರೆ, ಒಂದು ವಾರ ಮುಖ ಕೊಟ್ಟು ಮಾತಾಡಲ್ಲ. ನನಗೆ ಆ ಸೀನ್ ತುಂಬ ಇಷ್ಟ. ಆದ್ರೆ ಚೀಲದಲ್ಲಿ ಮೊಲದ ಕಾಲು ಇಟ್ಕೊಂಡು ಹೋದ್ರೆ ಯಾರಿಗೂ ಸಿಟ್ಟೇ ಬರಲ್ಲ! ಮಾಡಿದ ತಪ್ಪಿಗೆ ತಾಯತ ಕಟ್ಕೊಂಡು ಓಡಾಡಿದ ಹಾಗಾಯ್ತು.

ಕೊರಿಯಾದ ಚೆರಿಟ್ಜ್ ಕಂಪನಿಯ ‘ಮಿಸ್ಟಿಕ್ ಮೆಸೆಂಜರ್’ ನೋಡಿ, ಅದೂ 2016ರದ್ದೇ. 11 ದಿನದ ಕತೆ, ನಿಜವಾದ ಗಡಿಯಾರದ ಪ್ರಕಾರ ಚಾಟ್ ನಡೆಯುತ್ತೆ, ನಡುರಾತ್ರಿಯಲ್ಲೂ. ಮೊದಲ ನಾಲ್ಕು ದಿನ ಎಲ್ಲರ ಜೊತೆ ಮಾತಾಡ್ತೀರಿ. ಯಾರ ಮನಸ್ಸಿಗೆ ಹೆಚ್ಚು ಹತ್ತಿರ ಆದ್ರೋ, ಐದನೇ ದಿನದಿಂದ ಕತೆ ಅವರದ್ದು. ಉಳಿದವರ ಕತೆ ಬೇಕು ಅಂದ್ರೆ ಮತ್ತೆ ಮೊದಲನೇ ದಿನದಿಂದ. (ತಪ್ಪಿಹೋದ ಚಾಟ್ ತೆರೆಯೋಕೆ ಅದೂ ಹವರ್‌ಗ್ಲಾಸ್ ಕೇಳುತ್ತೆ, ಗೊತ್ತು. ಆದ್ರೆ ಅವನ ಜೊತೆ ಒಳ್ಳೇ ಮಾತಾಡೋಕೆ ಕೇಳಲ್ಲ.) ಯೂಸಂಗ್‌ನ ದಾರಿ ಹಿಡಿದವರಿಗೆ ಜೆನ್ ಸಿಗಲ್ಲ. ಆ ಹೊಟ್ಟೆಯುರಿ ಇದೆಯಲ್ಲ, ಅದಕ್ಕೆ ನಮ್ಮ ಸಿಲೆಬಸ್‌ನಲ್ಲೇ ಹೆಸರಿದೆ, ಅವಕಾಶ ವೆಚ್ಚ ಅಂತ. ಒಂದನ್ನ ಹಿಡಿದಾಗ ಕೈಬಿಟ್ಟ ಇನ್ನೊಂದರ ಬೆಲೆ. ಡೈಮಂಡ್ ಗೇಮ್‌ಗಳು ಅದನ್ನ ಎತ್ತಿಟ್ಟು, ಅದರ ಜಾಗದಲ್ಲಿ ರೇಟ್ ಕಾರ್ಡ್ ನೇತುಹಾಕಿವೆ. ದುಡ್ಡಿದ್ರೆ ಮೂವರ ಜೊತೆನೂ ಸುತ್ತಿ. ಇಲ್ಲದಿದ್ರೆ ಒಬ್ಬರ ಹತ್ತಿರಕ್ಕೂ ಪೂರ್ತಿ ಹೋಗೋಕಾಗಲ್ಲ.

3/3

‘ಗೇಮ್ ತಾನೇ, ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ’ ಅನ್ನೋರಿಗೆ ಈ ಭಾಗ.

ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ಮಂಚದವಳು ಇಂಥದ್ದೇ ಒಂದು ಆ್ಯಪ್‌ಗೆ ಮೆಸ್ ದುಡ್ಡಲ್ಲಿ 400 ರೂಪಾಯಿ ಹಾಕಿದ್ಲು. ಕಾರಿಡಾರ್ ಇಡೀ ನಕ್ಕಿತು, ಬೊಂಬೆ ಹುಡುಗನಿಗೆ ದುಡ್ಡು ಸುರಿದ್ಲು ಅಂತ. ನಾನು ಯಾಕೆ ಅಂತ ಕೇಳಿದೆ. ಕತೆಯಲ್ಲಿ ಆ ಹುಡುಗನ ಅಮ್ಮ ತೀರಿಕೊಂಡಿರ್ತಾಳೆ. ಅವನ ಪಕ್ಕ ಕೂತು ಸಮಾಧಾನ ಮಾಡೋಕೆ ಡೈಮಂಡ್. ಫ್ರೀ ಬಟನ್ ಒತ್ತಿದ್ರೆ ಎದ್ದು ಹೋಗ್ಬೇಕು. ‘ಎದ್ದು ಹೋಗೋಕೆ ಮನಸ್ಸು ಬರ್ಲಿಲ್ಲ ಕಣೇ’ ಅಂದ್ಲು. ನೀವು ನಗೋದಾದ್ರೆ ಆ ಎರಡು ಬಟನ್ ಇಟ್ಟವರನ್ನ ನೋಡಿ ನಗಿ. ಅವರು ಎಣಿಸಿದ್ದು ಅವಳ ಕರುಣೆಯನ್ನ. ಅವಳು ಒಳ್ಳೆಯವಳು ಅನ್ನೋದೇ ಅವರಿಗೆ ವ್ಯಾಪಾರ.

ಇನ್ನೊಂದು ಮಾತು. ನಮ್ಮಂಥ ಮನೆಗಳಲ್ಲಿ ಇಪ್ಪತ್ತು ವರ್ಷದ ಹುಡುಗಿಗೆ ಆಯ್ಕೆ ಅಂದ್ರೆ ಏನು ಅಂತ ನಿಮಗೂ ಗೊತ್ತು. ಜಾತಿ, ಜಾತಕ, ಹುಡುಗನ ಸಂಬಳ, ಸೈಟು ಎಲ್ಲ ಮಾತಾಗಿ ಮುಗಿದ ಮೇಲೆ ‘ನಿನಗೆ ಒಪ್ಪಿಗೆ ತಾನೇ ಪುಟ್ಟಾ’ ಅಂತ ಕೇಳ್ತಾರೆ. ಅಷ್ಟೊತ್ತಿಗೆ ಬಂದವರ ಕೈಯ ಕಾಫಿ ಲೋಟ ಖಾಲಿಯಾಗಿರುತ್ತೆ. ಹೂಂ ಅನ್ನೋದು ಹೇಗೆ, ಊಹೂಂ ಅನ್ನೋದು ಹೇಗೆ, ಅಂದ ಮೇಲೆ ಏನಾಗುತ್ತೆ ಅಂತ ಯಾರ ಹೆದರಿಕೆಯೂ ಇಲ್ಲದೆ ಮಾಡಿ ನೋಡೋಕೆ ನಮ್ಮಲ್ಲಿ ಎಷ್ಟೋ ಜನಕ್ಕೆ ಸಿಕ್ಕಿರೋ ಜಾಗ ಈ ಗೇಮ್‌ಗಳು ಮಾತ್ರ. ಚಾದರದೊಳಗೆ, ಬ್ರೈಟ್‌ನೆಸ್ ಕಮ್ಮಿ ಮಾಡ್ಕೊಂಡು. ಅಲ್ಲೂ ಯಾರದೋ ಸಂಬಳದ ಲೆಕ್ಕವೇ ಗೆಲ್ಲೋದಾದ್ರೆ ನನಗೆ ಸಿಟ್ಟು ಬರುತ್ತೆ.

ಹಾಗಾಗಿ ಒಂದು ಕೆಲಸ ಮಾಡಿ. ನೀವು ಈಗ ಆಡ್ತಿರೋ ಕತೆಯನ್ನ ಮೊದಲಿಂದ ಶುರು ಮಾಡಿ, ಒಂದೇ ಒಂದು ಡೈಮಂಡ್ ಖರ್ಚು ಮಾಡದೆ ಕೊನೇವರೆಗೆ ಹೋಗಿ. ನೀವು ಇಷ್ಟಪಟ್ಟವರು ಕೊನೆಗೆ ನಿಮಗೆ ಏನಂತಾರೆ ನೋಡಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ಹೆಸರು ಮುಚ್ಚಿ ಎಲ್ಲವನ್ನೂ ಸ್ಟೋರಿಗೆ ಹಾಕ್ತೀನಿ.

ಜೇಹಿ ಹೆಣ್ಣು ಅನ್ನೋ ಕಾರಣಕ್ಕೆ ಅವಳ ದಾರಿಯನ್ನ ಬರೀ ಸ್ನೇಹದಲ್ಲೇ ನಿಲ್ಲಿಸಿದ್ದಾರಲ್ಲ, ಆ ಜಗಳ ಬೇರೆಯೇ ಇದೆ. ಕಾಸ್ಟಿಂಗ್ ಇಂಟರ್ನಲ್ಸ್ ಮುಗೀಲಿ, ಬರೀತೀನಿ.

#ಕನ್ನಡದಲ್ಲಿಗೇಮ್ #ಡೈಮಂಡ್‌ಬೇಡ #ಯೂಸಂಗ್‌ಪಾರ್ಟಿ