ರೈಫಲ್ಲಿನ ಬೆಲೆ ಕೊಂಡ ದಿನಕ್ಕೆ ಮುಗಿಯುವುದಿಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಾಗರಿಕರೇ, ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುವ ಸೀಮೆ ನಮ್ಮದು. ಕೊರೆಸಿದ ಬಿಲ್ಲು ಒಂದೇ ಸಲ ಕಟ್ಟುತ್ತೇವೆ. ಆಮೇಲೆ ಮೋಟರ್ ರೀವೈಂಡಿಂಗ್, ಪಂಪು ಎತ್ತಿಸುವ ಕೂಲಿ, ಕೇಬಲ್ಲು, ಪೈಪು ಎಂದು ವರ್ಷವರ್ಷವೂ ಕೈ ಬರಿದಾಗುತ್ತದೆ. ಸರ್ಕಾರ ಪೊಲೀಸರಿಗೂ ಸೈನಿಕರಿಗೂ ಕೊಡುವ ರೈಫಲ್ಲಿನ ಲೆಕ್ಕವೂ ಇಂಥದೇ. ಖರೀದಿಯ ಸುದ್ದಿಯಲ್ಲಿ ಮಾತ್ರ ಕೊರೆಸಿದ ಬಿಲ್ಲಷ್ಟೇ ಕಾಣುತ್ತದೆ. ರೈಫಲ್ ಕೊಳ್ಳುವ ಮೊದಲೇ ಅದರ ಇಡೀ ಆಯುಷ್ಯದ ಖರ್ಚನ್ನು ಬರೆದು ಸದನದ ಮುಂದಿಡಬೇಕು ಎಂಬುದು ನಮ್ಮ ಬೇಡಿಕೆ.

2019ರಲ್ಲಿ ಸೇನೆಗಾಗಿ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ 72,400 ರೈಫಲ್‌ಗಳ ಖರೀದಿಯಾಯಿತು. 2021ರ ಡಿಸೆಂಬರಿನಲ್ಲಿ, ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ 6,01,427 ಎಕೆ-203 ತಯಾರಿಸಲು ರಷ್ಯಾದೊಡನೆ ಒಪ್ಪಂದವಾಯಿತು. ಮೊತ್ತ 5,000 ಕೋಟಿಗೂ ಮೇಲೆ. ಭಾಗಿಸಿದರೆ ಒಂದಕ್ಕೆ 80 ಸಾವಿರ ರೂಪಾಯಿ ದಾಟುತ್ತದೆ. ಇವು ಬಂದದ್ದು ನಮ್ಮದೇ ಇನ್ಸಾಸ್ ರೈಫಲ್ಲಿನ ಜಾಗಕ್ಕೆ. 1990ರ ದಶಕದಲ್ಲಿ ಸೇನೆ ಸೇರಿದ ಇನ್ಸಾಸಿನ ಮ್ಯಾಗಝೀನ್ 1999ರ ಕಾರ್ಗಿಲ್ ಚಳಿಗೆ ಬಿರುಕು ಬಿಟ್ಟಿತೆಂಬ ದೂರು ಬಂದಿತ್ತು. ಈಗ ತೋಟಾಗಳನ್ನು ನೋಡಿ. ಇನ್ಸಾಸಿನದು 5.56 ಮಿ.ಮೀ. ಉಳಿದೆರಡೂ 7.62, ಆದರೆ ಸಿಗ್ ರೈಫಲ್ಲಿನ ತೋಟಾದ ಕೋಶ 51 ಮಿ.ಮೀ. ಉದ್ದ, ಎಕೆಯದು 39. ಒಂದರದ್ದು ಇನ್ನೊಂದಕ್ಕೆ ಕೂರದು. ಮೂರು ಬಗೆಯ ತೋಟಾ ಎಂದರೆ ಮೂರು ದಾಸ್ತಾನು, ಮೂರು ಬಗೆಯ ಮ್ಯಾಗಝೀನ್, ಬಿಡಿಭಾಗ, ರಿಪೇರಿ ಮಾಡುವ ಆರ್ಮರರ್‌ಗೆ ಮೂರು ತರಬೇತಿ. ಇದೆಲ್ಲ ದಶಕಗಟ್ಟಲೆ ನಡೆಯುವ ಖರ್ಚು.

ಹಾಗಾದರೆ ಹಳೆಯದರಲ್ಲೇ ಕಾಲ ತಳ್ಳಬಾರದೇ ಎನ್ನುವವರಿದ್ದಾರೆ. ಪೊಲೀಸರ ಹಳೆಯ ತ್ರೀ ನಾಟ್ ತ್ರೀ ರೈಫಲ್ ಗಟ್ಟಿಮುಟ್ಟು, ನಿಜ. ಆದರೂ ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಅದನ್ನು ಬೀಳ್ಕೊಟ್ಟರು. 2008ರ ಮುಂಬಯಿ ದಾಳಿಯಲ್ಲಿ ಎಕೆ ಹಿಡಿದವರೆದುರು ಅದು ಸಾಲಲಿಲ್ಲ. ಹಾಗೆಂದು ಹೊಸದು ಕೊಟ್ಟರೆ ಸಾಕೆಂದೂ ಅಲ್ಲ. ಆ ದಾಳಿಯ ನಂತರ ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ ಬೊಟ್ಟು ಮಾಡಿದ್ದರಲ್ಲಿ ತೋಟಾಗಳ ಕೊರತೆಯೂ, ಅದರಿಂದ ನಿಂತ ಗುಂಡು ಹಾರಿಸುವ ಅಭ್ಯಾಸವೂ ಇದ್ದವು. ಅಭ್ಯಾಸಕ್ಕೆ ತೋಟಾ ಇಲ್ಲದ ಪೇದೆಯ ಕೈಯಲ್ಲಿ 80 ಸಾವಿರದ ರೈಫಲ್ ಇದ್ದೇನು ಫಲ? ದೇಶದ ಸುರಕ್ಷೆಗೆ ಕಾಸಿನ ಲೆಕ್ಕ ಹಾಕಬಾರದು ಎನ್ನುವವರಿಗೂ ಉತ್ತರ ಇದೇ: ಲೆಕ್ಕ ಹಾಕದಿದ್ದಾಗ ಮೊದಲು ಕಡಿತವಾಗುವುದು ಅಭ್ಯಾಸದ ತೋಟಾ.

ಇದು ಗುಟ್ಟಿನ ವಿಷಯ ಎಂಬ ಮಾತೂ ನಿಲ್ಲುವುದಿಲ್ಲ. ಯಾವ ಠಾಣೆಯಲ್ಲಿ ಎಷ್ಟಿವೆ ಎಂದು ನಾವು ಕೇಳುತ್ತಿಲ್ಲ. ಆರು ಲಕ್ಷ ರೈಫಲ್‌ಗಳ ಸಂಖ್ಯೆಯನ್ನೇ ಸಾರಿದವರಿಗೆ ಒಂದು ರೈಫಲ್ಲಿನ 20 ವರ್ಷದ ಖರ್ಚು ಹೇಳಲು ಯಾವ ಅಡ್ಡಿ? ಕೇಳುವ ಹಕ್ಕು ಈ ಜಿಲ್ಲೆಗೆ ಬೇರೆಯವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಸರ್ಕಾರದ ಬಂದೂಕು ಯಾರ ಕೈಯಲ್ಲಿದೆ, ಆ ಕೈಗೆ ಎಂಥ ತರಬೇತಿಯಿದೆ ಎಂಬುದು ನಮಗೆ ಜೀವದ ಪ್ರಶ್ನೆ.

ಪೊಲೀಸ್ ಆಧುನೀಕರಣಕ್ಕೆಂದು ಕೇಂದ್ರ 2021ರಿಂದ 2026ರ ಅವಧಿಗೆ 26,275 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತ್ತು. ಮುಂದೆ ಅಂಥ ಹಣದಲ್ಲಿ ನಮ್ಮ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ ರೈಫಲ್ ಬರುವುದಾದರೆ, ಪ್ರತಿ ಪೇದೆಯ ವರ್ಷದ ಅಭ್ಯಾಸಕ್ಕೆ ಬೇಕಾದ ತೋಟಾ, ಬಿಡಿಭಾಗ, ಆರ್ಮರರ್ ಸಂಬಳ ಇವುಗಳ ಮೊತ್ತವನ್ನು ಖರೀದಿ ಆದೇಶದಲ್ಲೇ ಸೇರಿಸುವಂತೆ ನಿಮ್ಮ ಶಾಸಕರಿಂದ ಸದನದಲ್ಲಿ ಪ್ರಶ್ನೆ ಕೇಳಿಸಿ.