ತಾಳ ನಮ್ಮದು, ರಾಗ ಮಕ್ಕಳದು

ಮಗು ಇಂಗ್ಲಿಷಿನಲ್ಲಿ ಉತ್ತರಿಸಿದ ಕೂಡಲೇ ನೀವೂ ಇಂಗ್ಲಿಷಿಗೆ ಹೊರಳುತ್ತೀರಾ? ಹಾಗಾದರೆ ಈ ವಾರ ಆರ್ಟ್ ಬ್ಲೇಕಿಯವರ ಡ್ರಮ್ಸ್ ಕೇಳಿ.

1919ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಈ ಜಾಝ್ ಡ್ರಮ್ಮರ್, 1990ರಲ್ಲಿ ತೀರಿಕೊಳ್ಳುವವರೆಗೂ ‘ಜಾಝ್ ಮೆಸೆಂಜರ್ಸ್’ ತಂಡ ನಡೆಸಿದರು. ಲೀ ಮಾರ್ಗನ್, ವೇಯ್ನ್ ಶಾರ್ಟರ್, ವಿಂಟನ್ ಮಾರ್ಸಾಲಿಸ್ ಎಲ್ಲರೂ ಎಳೆಯರಾಗಿದ್ದಾಗ ಅಲ್ಲೇ ಪಳಗಿದವರು. ಬ್ಲೇಕಿ ಹೊಸ ರಚನೆಗಳನ್ನೂ ಹುಡುಗರಿಂದಲೇ ಮಾಡಿಸುತ್ತಿದ್ದರು. 1958ರ ಪ್ರಸಿದ್ಧ ‘ಮೋನಿನ್’ ತಂಡದ ಪಿಯಾನೋ ವಾದಕ, 22ರ ಬಾಬಿ ಟಿಮನ್ಸ್ ಅವರದು. ಹುಡುಗರು ಮುಂದೆ ನಿಂತು ಸೋಲೋ ನುಡಿಸುವಾಗ ಬ್ಲೇಕಿ ಹಿಂದೆ ಕೂತು, ಹೈ-ಹ್ಯಾಟ್‌ನಲ್ಲಿ ಎರಡನೇ, ನಾಲ್ಕನೇ ಪೆಟ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದರು.

ಮನೆಯಲ್ಲಿ ನಿಮ್ಮ ಕನ್ನಡವೇ ಆ ತಾಳ. ಮಗು ಯಾವ ಭಾಷೆಯಲ್ಲಿ ಉತ್ತರಿಸಿದರೂ ಗದರಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಮುಂದಿನ ಮಾತು ಮಾತ್ರ ಕನ್ನಡದಲ್ಲೇ ಇರಲಿ. ಅದಕ್ಕೆ ಸೇರಿಕೊಳ್ಳುವ ಮನಸ್ಸಾದ ದಿನ ತಾಳ ಅಲ್ಲಿರಬೇಕಲ್ಲ?